ಡಿಸೈನ್ ಕಂಬ ಕೆಟ್ಟು ಬಂತಾ? ಮೊದಲು ನೆಲ ಗುಡಿಸಬೇಡಿ

ನಮ್ಮ ಶೆಡ್ಡು ತುಮಕೂರಿನಿಂದ ಶಿರಾ ಕಡೆ ಹೋಗುವ ದಾರಿಯಲ್ಲಿದೆ. ಮನೆಯ ಪೋರ್ಟಿಕೋಗೆ, ಕಲ್ಯಾಣ ಮಂಟಪದ ಮುಂಬಾಗಿಲಿಗೆ, ಊರ ದೇವಸ್ಥಾನಕ್ಕೆ ಬೇಕಾದ ಡಿಸೈನ್ ಕಂಬ ಹಾಕುವುದು ನಮ್ಮ ಕೆಲಸ. ಉದ್ದುದ್ದ ಗೀರಿನ ಕಂಬ, ಹಗ್ಗ ಹೊಸೆದಂತಿರುವ ತಿರುಚು ಕಂಬ, ಮೇಲಕ್ಕೆ ಎಲೆ ಬಳ್ಳಿಯ ಬೋದಿಗೆ. ಕಂಬಕ್ಕೆ ಫೈಬರ್ ಮೌಲ್ಡು, ಬೋದಿಗೆಗೆ ರಬ್ಬರ್ ಮೌಲ್ಡು.

ಎರಡು ವರ್ಷದ ಹಿಂದೆ ಎಂಟಡಿಯ ತಿರುಚು ಕಂಬವೊಂದು ಬುಡದಲ್ಲಿ ಕೆಟ್ಟು ಬಂತು. ಕೆಳಗಿನ ಒಂದಡಿಯಲ್ಲಿ ಜಲ್ಲಿ ಹಲ್ಲು ಕಿರಿದುಕೊಂಡು ನಿಂತಿತ್ತು. ಬೆರಳಿಟ್ಟರೆ ಮರಳು ಉದುರುತ್ತಿತ್ತು. ಸಿಮೆಂಟು ಸರಿಯಿಲ್ಲ ಅಂತ ಬೇರೆ ಕಂಪನಿಯ ಸಿಮೆಂಟು ತರಿಸಿದೆ. ಮತ್ತೆ ಅದೇ ಆಯಿತು. ಎಂ ಸ್ಯಾಂಡ್ ಬದಲಾಯಿಸಿದೆ, ಮೂರನೇ ಕಂಬವೂ ಹಾಗೇ ಬಂತು. ಅಷ್ಟು ಹೊತ್ತಿಗೆ ಒಂಬೈನೂರು ಕೆಜಿ ಕಾಂಕ್ರೀಟು, ಕಂಬಿ, ಮೂರು ದಿನದ ಕೂಲಿ ಎಲ್ಲಾ ಹೋಗಿತ್ತು. ಕಂಬ ಕೇಳಿದ್ದವರು ಗೃಹಪ್ರವೇಶದ ದಿನ ಹೇಳಿ ಹೇಳಿ ಫೋನ್ ಮಾಡುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ನಾನು ಮಾಮೂಲಿಗಿಂತ ಬೇಗ ಶೆಡ್ಡಿಗೆ ಬಂದೆ. ಕೆಲಸದ ಹುಡುಗ ಇನ್ನೂ ಬಂದಿರಲಿಲ್ಲ. ಮೌಲ್ಡಿನ ಬುಡದಿಂದ ನೆಲದ ಮೇಲೆ ನಾಲಿಗೆ ಚಾಚಿದಂತೆ ಒಂದು ಬೂದು ಬಣ್ಣದ ಗೆರೆ, ಗೇಣುದ್ದ. ಮುಟ್ಟಿದೆ, ಗಟ್ಟಿಯಾಗಿತ್ತು. ಸಿಮೆಂಟ್ ಹಾಲು! ರಾತ್ರಿಯೆಲ್ಲಾ ಸೋರಿ ಅಲ್ಲೇ ಒಣಗಿದೆ. ಆಮೇಲೆ ಹುಡುಗನನ್ನು ಕೇಳಿದರೆ, "ಹೌದಣ್ಣ, ದಿನಾ ಇರ್ತಿತ್ತು. ನೀವು ಬರೋದ್ರೊಳಗೆ ಕೆರೆದು ಗುಡಿಸಿಬಿಡ್ತಿದ್ದೆ" ಅಂದ. ಅವನ ತಪ್ಪೇನಿಲ್ಲ ಬಿಡಿ. ಶೆಡ್ಡು ಚೊಕ್ಕಟವಾಗಿರಬೇಕು ಅಂತ ಬೈಯುತ್ತಿದ್ದವನು ನಾನೇ.

ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. ಮೌಲ್ಡ್ ಬಿಚ್ಚುವ ಮೊದಲು ನೆಲ ನೋಡಬೇಕು. ಬಿಚ್ಚಿದ ಮೇಲೆ ಕಂಬ ನೋಡಬೇಕು, ಜೊತೆಗೆ ಮೌಲ್ಡಿನ ಒಳಮೈಯನ್ನೂ ನೋಡಬೇಕು. ಮೂರನ್ನೂ ನೋಡುವ ತನಕ ಪೊರಕೆ ಮುಟ್ಟುವ ಹಾಗಿಲ್ಲ, ತೇಪೆ ಹಾಕುವ ಹಾಗಿಲ್ಲ.

"ಏನಾಗಿದೆ" ಅನ್ನುವುದಕ್ಕಿಂತ ಮೊದಲು "ಎಲ್ಲಾಗಿದೆ"

ಕಂಬ ಕೆಟ್ಟಾಗ ಎಲ್ಲರೂ ಕೇಳುವುದು ಏನಾಗಿದೆ ಅಂತ. ಗುಳ್ಳೆಯಾ, ಬಿರುಕಾ, ಪುಡಿಯಾ? ಅದು ಬೇಕು, ಸರಿ. ಆದರೆ ಕಾರಣ ಹಿಡಿದು ಕೊಡುವುದು ಜಾಗ. ಒಂದೇ ತರಹದ ಗುಳ್ಳೆ ಮೇಲಿದ್ದರೆ ಒಂದು ಕಾರಣ, ಕೆಳಗಿದ್ದರೆ ಇನ್ನೊಂದು, ಜೋಡಣೆ ಗೆರೆಯ ಮೇಲಿದ್ದರೆ ಮತ್ತೊಂದು.

ನಾನು ಮೊದಲು ಕೇಳುವುದು ಇಷ್ಟು: ಇದೇ ಮೌಲ್ಡಿನ ಹಿಂದಿನ ಕಂಬದಲ್ಲೂ ಇದೇ ಜಾಗದಲ್ಲಿ ಇತ್ತಾ? ಇತ್ತು ಅಂದರೆ ತಪ್ಪು ಮೌಲ್ಡಿನದು. ಜಾಗ ಬದಲಾಗುತ್ತಾ ಇದೆ ಅಂದರೆ ಕಲಸಿದ್ದರಲ್ಲಿ ಅಥವಾ ತುಂಬಿದ್ದರಲ್ಲಿ ತಪ್ಪಿದೆ. ಎಲ್ಲಾ ಮೌಲ್ಡಿನ ಕಂಬಗಳೂ ಒಂದೇ ದಿನ ಕೆಟ್ಟಿವೆ ಅಂದರೆ ಆ ದಿನದ ಮಾಲು, ನೀರು, ಆಯಿಲ್ಲು, ಇಲ್ಲಾ ಹವೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಪತ್ತೆ ಮುಗಿಯುತ್ತದೆ. ಉತ್ತರ ಹೇಳಬೇಕಾದರೆ ಮೌಲ್ಡಿಗೆ ನಂಬರ್ ಇರಬೇಕು, ಕಂಬದ ತಲೆಯ ಮೇಲೆ ಹಸಿಯಿದ್ದಾಗಲೇ ಅದೇ ನಂಬರನ್ನೂ ತಾರೀಖನ್ನೂ ಮೊಳೆಯಲ್ಲಿ ಗೀಚಿರಬೇಕು. ಬೋದಿಗೆ ಕೂತ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಕಣ್ಣಿಗೆ ಕಾಣದ ದೋಷಕ್ಕೆ ಇನ್ನೊಂದು ಉಪಾಯವಿದೆ. ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಹತ್ತಿರ ಕೈದಾಳ ಇದೆಯಲ್ಲ, ಜಕಣಾಚಾರಿಯ ಊರು ಅಂತ ಹೇಳುತ್ತಾರೆ. ಕಥೆ ನಿಮಗೆ ಗೊತ್ತೇ ಇರುತ್ತದೆ. ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂದ ಹುಡುಗ ಡಂಕಣ ಮೈತುಂಬಾ ಗಂಧ ಬಳಿಸಿದ. ಎಲ್ಲಾ ಕಡೆ ಒಣಗಿತು, ಹೊಟ್ಟೆಯ ಹತ್ತಿರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಕಪ್ಪೆ. ಕಪ್ಪೆಯ ವಿಷಯ ಹೇಗಾದರೂ ಇರಲಿ, ಹಸಿ ಎಲ್ಲಿ ನಿಲ್ಲುತ್ತದೋ ಅಲ್ಲೇ ದೋಷ ಅನ್ನುವ ಮಾತು ಕಾಂಕ್ರೀಟಿಗೆ ಚೆನ್ನಾಗಿ ಹೊಂದುತ್ತದೆ. ಒಣಗಿದ ಕಂಬಕ್ಕೆ ಮೇಲಿನಿಂದ ಒಂದು ಬಿಂದಿಗೆ ನೀರು ಸುರಿಯಿರಿ. ಹತ್ತು ನಿಮಿಷ ನೋಡುತ್ತಾ ನಿಲ್ಲಿ. ಗಟ್ಟಿ ಇರುವ ಕಡೆ ಮೈ ಬೇಗ ಬೆಳ್ಳಗಾಗುತ್ತದೆ. ಕೂದಲೆಳೆ ಬಿರುಕಿದ್ದರೆ ಕಪ್ಪು ದಾರದಂತೆ ಉಳಿಯುತ್ತದೆ, ಒಳಗೆ ಪೊಳ್ಳು ಅಥವಾ ಸಡಿಲ ಇದ್ದರೆ ಮಚ್ಚೆಯಂತೆ ಉಳಿಯುತ್ತದೆ. ಅಲ್ಲಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೇಳಿ. ಗಟ್ಟಿ ಕಾಂಕ್ರೀಟು ಠಣ್ ಅನ್ನುತ್ತದೆ, ಪೊಳ್ಳು ಡಬ್ ಅನ್ನುತ್ತದೆ.

ಬುಡದಲ್ಲಿ ಜಲ್ಲಿ ಕಾಣುವುದು, ಗೆರೆಗುಂಟ ಮರಳು ಉದುರುವುದು

ನನ್ನ ಮೂರು ಕಂಬ ತಿಂದದ್ದು ಇದೇ ದೋಷ. ಮೇಸ್ತ್ರಿಗಳು ಇದಕ್ಕೆ ಹನಿಕೂಂಬ್ ಅನ್ನುತ್ತಾರೆ. ಜೇನುಗೂಡಿನ ಹಾಗೆ ತೂತು ತೂತು. ಇದಕ್ಕೆ ಎರಡು ದಾರಿ. ಒಂದು, ಜಲ್ಲಿಯ ನಡುವೆ ಗಾರೆ ತಲುಪಲೇ ಇಲ್ಲ. ಇನ್ನೊಂದು, ತಲುಪಿತ್ತು, ಆಮೇಲೆ ಸೋರಿಹೋಯಿತು. ಎರಡನ್ನೂ ಬೇರೆ ಮಾಡಿ ನೋಡಲು ಬರುತ್ತದೆ. ಸೋರಿದ ಕಡೆ ಕಂಬದ ಮೈ ಸುತ್ತಲಿಗಿಂತ ಕಪ್ಪಾಗಿ ಕಾಣುತ್ತದೆ, ಜೋಡಣೆ ಗೆರೆಯ ಹತ್ತಿರವೇ ಇರುತ್ತದೆ, ನೆಲದ ಮೇಲೆ ಗುರುತು ಇರುತ್ತದೆ. ತಲುಪದೇ ಇದ್ದ ಕಡೆ ಅಂಥ ಗುರುತೇನೂ ಇರುವುದಿಲ್ಲ. ಸಾಮಾನ್ಯವಾಗಿ ಕಂಬಿ ಮೌಲ್ಡಿಗೆ ತೀರಾ ಹತ್ತಿರ ಬಂದ ಜಾಗದಲ್ಲಿ ಇರುತ್ತದೆ.

ಮೊದಲು ಸೋರಿಕೆಯ ಮಾತು. ಹಸಿ ಕಾಂಕ್ರೀಟು ಎಷ್ಟು ಜೋರಾಗಿ ತಳ್ಳುತ್ತದೆ ಅಂತ ತುಂಬಾ ಜನಕ್ಕೆ ಅಂದಾಜಿಲ್ಲ. ಹತ್ತಿಂಚು ದಪ್ಪ, ಎಂಟಡಿ ಎತ್ತರದ ಕಂಬ ಸುಮಾರು 300 ಕೆಜಿ ತೂಗುತ್ತದೆ. ಒಂದೇ ಸಲಕ್ಕೆ ತುಂಬಿದರೆ ತಳದಲ್ಲಿ ಪ್ರತಿ ಚದರ ಅಡಿಗೆ ಸುಮಾರು 540 ಕೆಜಿ ಒತ್ತಡ ಬೀಳುತ್ತದೆ. ಕಂಬ ಸಣ್ಣದು, ಒತ್ತಡವೂ ಸಣ್ಣದಿರಬೇಕು ಅಂತ ಅಂದುಕೊಳ್ಳಬೇಡಿ. ಒತ್ತಡ ನೋಡುವುದು ಎತ್ತರವನ್ನು, ದಪ್ಪವನ್ನಲ್ಲ. ಕೆಳಗಿನ ಒಂದಡಿಯಲ್ಲಿ ಮೌಲ್ಡಿನ ಎರಡು ಹೋಳನ್ನು ಬೇರೆ ಮಾಡಲು ನಾನ್ನೂರು ಕೆಜಿಗೂ ಜಾಸ್ತಿ ಬಲ ನೂಕುತ್ತಾ ಇರುತ್ತದೆ. ಅದನ್ನು ತಡೆದು ನಿಂತಿರುವುದು ಆಚೆಗೊಂದು ಈಚೆಗೊಂದು ಬೋಲ್ಟು! ತಲೆಯ ಹತ್ತಿರ ಅಷ್ಟೇ ಬೋಲ್ಟಿಗೆ ಕೆಲಸವೇ ಇರುವುದಿಲ್ಲ.

ಆದರೂ ಎಷ್ಟೋ ಮೌಲ್ಡುಗಳಲ್ಲಿ ಬೋಲ್ಟಿನ ತೂತು ಮೇಲಿಂದ ಕೆಳಗಿನವರೆಗೆ ಒಂದೇ ಅಂತರದಲ್ಲಿ ಇರುತ್ತದೆ. ನೋಡಲು ಚೆಂದ, ಅಷ್ಟೇ. ನಾವು ಈಗ ಕೆಳಗಿನ ಮೂರಡಿಯಲ್ಲಿ ಆರಿಂಚಿಗೊಂದು ಬೋಲ್ಟು ಕೊಡುತ್ತೇವೆ, ಮೇಲೆ ಒಂದಡಿಗೊಂದು. ಬೋಲ್ಟಿನ ತಲೆಗೂ ನಟ್ಟಿಗೂ ಅಗಲದ ವಾಷರ್ ಹಾಕಲೇಬೇಕು. ಇಲ್ಲದಿದ್ದರೆ ಫೈಬರು ಅಲ್ಲೇ ಒತ್ತಿ ಒತ್ತಿ ಸೀಳುತ್ತದೆ.

ನನ್ನ ಮೌಲ್ಡಿನಲ್ಲಿ ಬೋಲ್ಟೆಲ್ಲಾ ಸರಿಯಿತ್ತು. ಎರಡು ಹೋಳನ್ನು ನೆಲದ ಮೇಲೆ ಕೂಡಿಸಿಟ್ಟು, ಒಳಗೆ ಮೊಬೈಲ್ ಟಾರ್ಚ್ ಹಾಕಿ, ಶೆಡ್ಡಿನ ಬಾಗಿಲು ಮುಚ್ಚಿದೆ. ಬುಡದಿಂದ ಏಳಿಂಚು ಎತ್ತರದಲ್ಲಿ ಬೆಳಕಿನ ಸಣ್ಣ ಗೆರೆ ಕಂಡಿತು. ಲಗ್ನಪತ್ರಿಕೆ ತೂರಿಸುವಷ್ಟು ಸಂದು. ಕಾರಣ ಅಂಚಿನ ಪಟ್ಟಿಯ ಮೇಲೆಯೇ ಬರೆದಿತ್ತು: ಹಾರೆಯ ತುದಿ ಕಚ್ಚಿದ ಗುರುತು. ಯಾವತ್ತೋ ಕಂಬ ಬಿಡದೇ ಇದ್ದಾಗ ಯಾರೋ ಹಾರೆ ಹಾಕಿ ಮೀಟಿದ್ದಾರೆ, ಪಟ್ಟಿ ಬಾಗಿದೆ. ನೀರು, ಸಿಮೆಂಟು ಹೋಗಲು ಆ ಸಂದು ಬೇಕಾದಷ್ಟಾಯಿತು, ಜಲ್ಲಿ ಮಾತ್ರ ಒಳಗೇ ನಿಂತಿತು.

ಟಾರ್ಚಿನ ಪರೀಕ್ಷೆಯನ್ನು ಈಗ ತಿಂಗಳಿಗೊಂದು ಸಲ ಎಲ್ಲಾ ಮೌಲ್ಡಿಗೂ ಮಾಡುತ್ತೇವೆ. ಸಂದಿಗೆ ಪರಿಹಾರ ದೊಡ್ಡದೇನಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಅಂಚಿನ ಪಟ್ಟಿಗೆ ಅಂಟಿಸಿ. ಒಂದು ಎಚ್ಚರಿಕೆ ಇದೆ. ಟ್ಯೂಬು ಒಳಮೈಗೆ ಇಣುಕಬಾರದು. ಇಣುಕಿದರೆ ಕಂಬದ ಉದ್ದಕ್ಕೂ ಒಂದು ಹಳ್ಳದ ಗೆರೆ ಬೀಳುತ್ತದೆ. ಪಟ್ಟಿಯ ಒಳ ಅಂಚಿನಿಂದ ಎರಡು ಎಂಎಂ ಹಿಂದೆ ಅಂಟಿಸಿ, ಬೋಲ್ಟು ಬಿಗಿದಾಗ ಅದೇ ಮುಂದೆ ಬರುತ್ತದೆ. ಪಟ್ಟಿ ಜಾಸ್ತಿ ಬಾಗಿದ್ದರೆ ಟ್ಯೂಬಿನಿಂದ ಆಗುವುದಿಲ್ಲ. ಹಿಂದೆ ಕಬ್ಬಿಣದ ಪಟ್ಟಿ ಇಟ್ಟು ಎರಡನ್ನೂ ಸೇರಿಸಿ ಬಿಗಿಯಬೇಕು.

ತಳದಿಂದಲೇ ಸೋರುತ್ತಿದ್ದರೆ ನೋಡುವುದು ಬೇರೆ. ಬುಡ ಅಗಲವಾಗಿ ಪೀಠದಂತೆ ಇರುವ ಮೌಲ್ಡಿನಲ್ಲಿ ಕಾಂಕ್ರೀಟು ಪಕ್ಕಕ್ಕೆ ತಳ್ಳುವುದಷ್ಟೇ ಅಲ್ಲ, ಮೌಲ್ಡನ್ನು ಮೇಲಕ್ಕೂ ಎತ್ತುತ್ತದೆ. ತುಂಬುವಾಗ ಕೂದಲೆಳೆಯಷ್ಟು ಎದ್ದರೆ ಸಾಕು, ಸುತ್ತಲೂ ಹಾಲು ಹರಿಯುತ್ತದೆ. ಮೌಲ್ಡನ್ನು ನೆಲದ ಹಲಗೆಗೆ ಬೋಲ್ಟು ಹಾಕಿ ಕಟ್ಟಿ, ಇಲ್ಲಾ ಪೀಠದ ಭುಜದ ಮೇಲೆ ಮರಳಿನ ಮೂಟೆ ಹೇರಿ. ಅಂಚಿಗೆ ಹೊರಗಿನಿಂದ ಜೇಡಿಮಣ್ಣು ಮೆತ್ತಿದರೆ ಇನ್ನೂ ಒಳ್ಳೆಯದು.

ಈಗ ಗಾರೆ ತಲುಪದೇ ಇರುವ ಕಥೆ. ಇಲ್ಲಿ ತೊಂದರೆ ಹೆಚ್ಚಾಗಿ ಜಲ್ಲಿಯ ಸೈಜಿನದು. ಮುಕ್ಕಾಲಿಂಚು ಜಲ್ಲಿ ಮನೆಯ ಪಿಲ್ಲರಿಗೆ ಸರಿ. ಡಿಸೈನ್ ಕಂಬದಲ್ಲಿ ಗೀರು ಒಳಗೆ ಬರುವ ಕಡೆ ಕಂಬಿಗೂ ಮೌಲ್ಡಿಗೂ ನಡುವೆ ಒಂದಿಂಚು ಜಾಗವೂ ಇರುವುದಿಲ್ಲ. ಎರಡು ಜಲ್ಲಿ ಅಲ್ಲಿ ಸಿಕ್ಕಿಕೊಂಡರೆ ಕೆಳಗೆ ಏನೂ ಇಳಿಯುವುದಿಲ್ಲ. ಅರ್ಧ ಇಂಚಿನ ಜಲ್ಲಿ ಹಾಕಿ, ಗೀರು ತೀರಾ ಸಣ್ಣದಿದ್ದರೆ ಬೇಬಿ ಜಲ್ಲಿ. ಮೇಲಿನಿಂದ ಬಾಂಡ್ಲಿ ಬಾಂಡ್ಲಿ ಸುರಿಯುವುದೂ ಬೇಡ. ಎಂಟಡಿ ಮೇಲಿಂದ ಬಿದ್ದ ಜಲ್ಲಿ ಕಂಬಿಗೆ ಬಡಿದು ಗಾರೆಯಿಂದ ಬೇರೆಯಾಗಿ ಮೊದಲು ತಳ ಸೇರುತ್ತದೆ. ನಾಲ್ಕಿಂಚಿನ ಪಿವಿಸಿ ಪೈಪನ್ನು ಒಳಗೆ ಇಳಿಬಿಟ್ಟು, ಕಾಂಕ್ರೀಟು ಏರಿದಂತೆ ಪೈಪು ಏರಿಸುತ್ತಾ ಹೋಗಿ. ಪೈಪು ಕಂಬಿಗಳ ನಡುವೆ ಹೋಗದಿದ್ದರೆ ಮೂರಿಂಚಿನದು. ಎಲ್ಲಕ್ಕಿಂತ ಮೊದಲು ತಳಕ್ಕೆ ಒಂದು ಬಾಂಡ್ಲಿ ಜಲ್ಲಿಯಿಲ್ಲದ ಗಾರೆ ಹಾಕಿದರೆ ಬುಡ ಅಂದವಾಗಿ ಬರುತ್ತದೆ.

ಗುಳ್ಳೆ

ಸಾಸಿವೆಯಿಂದ ಕಡಲೆಕಾಳಿನವರೆಗೆ ಸೈಜು. ನೂರಕ್ಕೆ ನೂರು ಗುಳ್ಳೆಯಿಲ್ಲದ ಕಂಬ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಕಡಿಮೆ ಮಾಡಬಹುದು, ಅಷ್ಟೇ.

ಗುಳ್ಳೆ ಎಲ್ಲಿದೆ ನೋಡಿ. ಡಿಸೈನಿನ ಮೇಲ್ಮುಖದ ಓರೆಯಲ್ಲಿ, ಅಂದರೆ ಎಲೆಯ ಮೇಲ್ಭಾಗದಲ್ಲೋ ಪೀಠದ ಇಳಿಜಾರಿನಲ್ಲೋ ಗುಂಪಾಗಿದ್ದರೆ ಗಾಳಿ ಮೇಲೇರುವಾಗ ಮೌಲ್ಡಿನ ಮಾಡಿಗೆ ಸಿಕ್ಕಿ ಕೂತಿದೆ. ಅದಕ್ಕೆ ಕಾಂಕ್ರೀಟು ಬದಲಿಸಿ ಏನೂ ಪ್ರಯೋಜನವಿಲ್ಲ. ಆ ಮಟ್ಟಕ್ಕೆ ತುಂಬಿದಾಗ ನಿಲ್ಲಿಸಿ, ಹೊರಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಬೋದಿಗೆಯನ್ನಾದರೆ ತಲೆಕೆಳಗಾಗಿ ಹಾಕುವುದೇ ಒಳ್ಳೆಯದು. ಆಗ ಎಲೆಯ ತುದಿಗಳು ಮೌಲ್ಡಿನ ತಳದಲ್ಲಿರುತ್ತವೆ, ಗಾಳಿ ಅಲ್ಲಿ ನಿಲ್ಲುವುದಿಲ್ಲ.

ಮೈತುಂಬಾ ಒಂದೇ ಸಮನೆ ಗುಳ್ಳೆ ಇದ್ದರೆ ಮೊದಲ ಅನುಮಾನ ಆಯಿಲ್ ಮೇಲೆ. ಮೌಲ್ಡು ಅಂಟಬಾರದು ಅಂತ ಹುಡುಗರು ಧಾರಾಳವಾಗಿ ಬಳಿಯುತ್ತಾರೆ. ದಪ್ಪ ಆಯಿಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡು ಮೇಲೆ ಏರುವುದೇ ಇಲ್ಲ. ಬಳಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಬೆರಳು ಎಳೆದರೆ ಮಸುಕು ಗುರುತು ಬೀಳಬೇಕು, ಬೆರಳ ತುದಿ ಜಿಡ್ಡಾಗಿ ಹೊಳೆಯಬಾರದು. ದೋಸೆ ಕಾವಲಿಗೆ ಈರುಳ್ಳಿಯಲ್ಲಿ ಎಣ್ಣೆ ಉಜ್ಜುತ್ತೇವಲ್ಲ, ಅಷ್ಟು. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಕಂಬದ ಮೇಲೆ ಕಂದು ಕಲೆ ಕೂರುತ್ತದೆ, ಆಮೇಲೆ ಪೇಂಟೂ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಮೌಲ್ಡ್ ಆಯಿಲ್ ಅಂತಲೇ ಸಿಗುತ್ತದೆ, ಕಂಬಕ್ಕೆ ಲೆಕ್ಕ ಹಾಕಿದರೆ ಖರ್ಚು ಏನೂ ಅಲ್ಲ.

ಆಯಿಲ್ ಸರಿಯಿದ್ದೂ ಗುಳ್ಳೆ ಬಂದರೆ ವೈಬ್ರೇಟರ್ ಹಿಡಿದವನನ್ನು ನೋಡಿ. ಒಂದೊಂದಡಿ ತುಂಬಿ, ಪ್ರತಿ ಪದರಕ್ಕೂ ಸೂಜಿ, ಅಂದರೆ ವೈಬ್ರೇಟರಿನ ಕಂಪಿಸುವ ಕೋಲು, ಇಳಿಸಬೇಕು. ಸೂಜಿ ಹಿಂದಿನ ಪದರದೊಳಗೂ ನಾಲ್ಕಿಂಚು ಹೋಗಬೇಕು. ಮುಖ್ಯವಾದದ್ದು ಹೊರಗೆ ಎಳೆಯುವುದು. ಸರ್ರನೆ ಎಳೆದರೆ ಸೂಜಿ ಇದ್ದ ಜಾಗವೇ ಗಾಳಿಯ ಕೊಳವೆಯಾಗುತ್ತದೆ. ಸೆಕೆಂಡಿಗೆ ಮೂರಿಂಚಿನಂತೆ ನಿಧಾನಕ್ಕೆ ಬರಲಿ. ಸೂಜಿ 25 ಎಂಎಂನದು ಸಾಕು. ದಪ್ಪ ಸೂಜಿ ಕಂಬಿಯ ನಡುವೆ ಹೋಗದೆ ಮೌಲ್ಡಿಗೆ ತಾಗಿ ಒಳಮೈಯ ನುಣುಪು ಪದರವನ್ನು ಕೆತ್ತಿ ಹಾಕುತ್ತದೆ. ಕೆತ್ತಿದ ಆ ಗುರುತು ಮುಂದಿನ ಎಲ್ಲಾ ಕಂಬದ ಮೇಲೂ ಮೂಡುತ್ತದೆ.

ನೀರು ಜಾಸ್ತಿಯಾಗಿದೆಯಾ ಅಂತ ಪತ್ತೆ ಹಚ್ಚುವುದು

ಕಂಬದ ತಲೆ ನೋಡಿ. ತುಂಬಿ ಒಂದು ಗಂಟೆ ಬಿಟ್ಟರೆ ಮೇಲೆ ನೀರು ನಿಂತಿದೆಯಾ? ಮಾರನೇ ದಿನ ತಲೆಯ ಮೇಲೆ ಉಗುರಿನಲ್ಲಿ ಗೀಚಿದರೆ ಬಿಳಿ ಪುಡಿ ಬರುತ್ತದಾ? ಮೈಮೇಲೆ ನೀರು ಹರಿದಂತೆ ಉದ್ದುದ್ದ ಮರಳು ಗೆರೆಗಳಿವೆಯಾ? ಹಾಗಿದ್ದರೆ ನೀರು ಜಾಸ್ತಿ, ಬೇರೆ ಮಾತಿಲ್ಲ.

50 ಕೆಜಿ ಮೂಟೆಗೆ 22ರಿಂದ 24 ಲೀಟರ್ ನೀರು ನಮ್ಮ ಲೆಕ್ಕ. ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ. ಎಡವುವುದು ಮಳೆ ಬಿದ್ದ ಮಾರನೇ ದಿನ. ಒಂದು ಮೂಟೆಗೆ ಬೀಳುವ ಮರಳು ಸುಮಾರು 75 ಕೆಜಿ. ಅದರಲ್ಲಿ ನೂರಕ್ಕೆ ಐದು ಭಾಗ ತೇವ ಇದ್ದರೂ ಮೂರೂಮುಕ್ಕಾಲು ಲೀಟರ್ ನೀರು ಮರಳಿನೊಳಗೇ ಬಂದಿರುತ್ತದೆ. ನಾವು ಅದರ ಮೇಲೆ ಮತ್ತೆ 24 ಲೀಟರ್ ಸುರಿಯುತ್ತೇವೆ. ಮರಳನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉಂಡೆ ಹಾಗೇ ನಿಂತರೆ ತೇವ ಇದೆ, ನೀರು ಕಡಿಮೆ ಮಾಡಿ. ಕಾಂಕ್ರೀಟು ಸರಾಗವಾಗಿ ಇಳಿಯಬೇಕು ಅಂದರೆ ನೀರಿನ ಬದಲು ಪ್ಲಾಸ್ಟಿಸೈಜರ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟೇ.

ಇನ್ನೊಂದು. ಎಂ ಸ್ಯಾಂಡ್ ಅಂತ ಹೇಳಿ ಕ್ರಷರ್ ಡಸ್ಟ್ ಬೆರೆಸಿ ಇಳಿಸಿ ಹೋಗುವವರಿದ್ದಾರೆ. ಡಸ್ಟ್ ಜಾಸ್ತಿಯಿದ್ದರೆ ಎಷ್ಟು ನೀರು ಹಾಕಿದರೂ ಕುಡಿಯುತ್ತಾ ಹೋಗುತ್ತದೆ. ಗಾಜಿನ ಬಾಟಲಿಗೆ ಅರ್ಧದವರೆಗೆ ಮರಳು, ಮುಕ್ಕಾಲಿನವರೆಗೆ ನೀರು ತುಂಬಿ ಕುಲುಕಿ ಇಡಿ. ಹಳೆಯ ಒಳ್ಳೇ ಲೋಡಿನ ಮರಳಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಮೇಲೆ ಕೂತ ಬೂದು ಪದರ ದಪ್ಪವಾಗಿದ್ದರೆ ಆ ಲೋಡು ಕಂಬಕ್ಕೆ ಬೇಡ.

ಕತ್ತಿನಲ್ಲಿ ಅಡ್ಡ ಬಿರುಕು

ಬಿಚ್ಚಿದ ತಕ್ಷಣ ಬೋದಿಗೆ ಶುರುವಾಗುವ ಕತ್ತಿನ ಹತ್ತಿರ ಅಡ್ಡಕ್ಕೆ ಬಿರುಕು ಕಂಡರೆ ಎಲ್ಲರೂ ಮೌಲ್ಡ್ ಎಳೆದವನ ಮೇಲೆ ಹರಿಹಾಯುತ್ತಾರೆ. ಪಾಪ, ಎಷ್ಟೋ ಸಲ ಅವನು ಮುಟ್ಟುವ ಮೊದಲೇ ಬಿರುಕು ಬಿದ್ದಿರುತ್ತದೆ. ತುಂಬಿದ ಮೊದಲ ಒಂದೆರಡು ಗಂಟೆ ಕಾಂಕ್ರೀಟು ಕೆಳಕ್ಕೆ ಕುಸಿಯುತ್ತಾ ಇರುತ್ತದೆ. ಕಂಬದ ಭಾಗ ಇಳಿಯುತ್ತದೆ. ಅಗಲವಾದ ತಲೆಯ ಭಾಗ ಮೌಲ್ಡಿನ ಭುಜದ ಮೇಲೆ ಕೂತು ಇಳಿಯುವುದಿಲ್ಲ. ನಡುವೆ ಕತ್ತು ಹರಿಯುತ್ತದೆ. ಉದ್ದ ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗುಗಳ ಮಟ್ಟದಲ್ಲಿ ಬೀಳುವ ಅಡ್ಡ ಗೆರೆಗೂ ಇದೇ ಕಾರಣ, ರಿಂಗಿನ ಮೇಲೆ ಕಾಂಕ್ರೀಟು ನೇತುಬೀಳುತ್ತದೆ.

ಗುರುತು ಹೇಗೆ? ಎಳೆದು ಬಿದ್ದ ಬಿರುಕಿನ ಅಂಚು ಚೂಪಾಗಿರುತ್ತದೆ, ಒಂದು ಮಗ್ಗುಲಲ್ಲಿ ಅಗಲವಾಗಿ ಇನ್ನೊಂದು ಮಗ್ಗುಲಲ್ಲಿ ಮಾಯವಾಗಿರುತ್ತದೆ. ಕುಸಿದು ಬಿದ್ದದ್ದು ಸುತ್ತಲೂ ಇರುತ್ತದೆ, ಅಂಚು ಮೆತ್ತಗೆ ಉರುಟಾಗಿರುತ್ತದೆ. ಕುಸಿದದ್ದಾದರೆ ಮುಂದಿನ ಸಲ ಕತ್ತಿನ ತನಕ ತುಂಬಿ ಟೀ ಕುಡಿಯಲು ಹೋಗಿ. ಮುಕ್ಕಾಲು ಗಂಟೆ ಬಿಟ್ಟು ಬಂದು ಸೂಜಿಯನ್ನು ಮತ್ತೆ ಒಂದಡಿ ಇಳಿಸಿ ಕಂಪಿಸಿ, ಆಮೇಲೆ ತಲೆ ತುಂಬಿ. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಜಾಸ್ತಿಯಾಗುತ್ತದೆ, ಅರ್ಧ ಗಂಟೆಗೇ ನೋಡಿ. ಸೂಜಿ ತನ್ನ ಭಾರಕ್ಕೆ ತಾನೇ ಇಳಿಯುವಷ್ಟು ಮೆತ್ತಗಿರಬೇಕು. ಇಳಿಯದಿದ್ದರೆ ಹೊತ್ತು ಮೀರಿದೆ, ಬಲವಂತ ಮಾಡಬೇಡಿ.

ಮೌಲ್ಡ್ ಬಿಡುತ್ತಿಲ್ಲ

ಹೊಸ ಫೈಬರ್ ಮೌಲ್ಡಿನ ಮೊದಲ ಎರಡು ಮೂರು ಕಂಬ ಕಾಡಿಸುತ್ತವೆ. ಬರೀ ಆಯಿಲ್ ಸಾಲದು. ವ್ಯಾಕ್ಸ್ ಪಾಲಿಶನ್ನು ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಿಸಿ ಉಜ್ಜಿ, ಆಮೇಲೆ ಆಯಿಲ್ ಹಾಕಿ. ಹಳೆಯ ಮೌಲ್ಡು ಇದ್ದಕ್ಕಿದ್ದಂತೆ ಹಿಡಿಯಲು ಶುರು ಮಾಡಿದರೆ ಒಳಮೈಯನ್ನು ಅಂಗೈಯಲ್ಲಿ ಸವರಿ ನೋಡಿ. ಉಪ್ಪು ಕಾಗದದ ಹಾಗೆ ತಾಗಿದರೆ ಹಳೆಯ ಸಿಮೆಂಟಿನ ತೆಳು ಪೊರೆ ಕೂತಿದೆ. ತಂತಿ ಬ್ರಷ್ಷು ತಗೊಂಡು ಉಜ್ಜಿದರೆ ಮೌಲ್ಡಿನ ಕಥೆ ಮುಗಿಯಿತು. ತೆಳು ಮರದ ಚೂರು, ನಾರು, ನೀರು ಸಾಕು.

ತಿರುಚು ಕಂಬ ಹಿಡಿಯುವುದು ಬೇರೆ ಕಾರಣಕ್ಕೆ. ಅದನ್ನು ಪಕ್ಕಕ್ಕೆ ನೇರ ಎಳೆದರೆ ಹೊಸೆತದ ಏಣುಗಳು ಮೌಲ್ಡಿಗೆ ಕೊಕ್ಕೆ ಹಾಕಿಕೊಳ್ಳುತ್ತವೆ. ಅದಕ್ಕೇ ಒಳ್ಳೆಯ ತಿರುಚು ಮೌಲ್ಡುಗಳು ಎರಡು ಹೋಳಲ್ಲ, ಮೂರು ಅಥವಾ ನಾಲ್ಕು ಹೋಳಿನದಿರುತ್ತವೆ. ಎರಡೇ ಹೋಳಿನದು ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದರೆ ದಿನವೂ ಏಣು ಮುರಿಯುತ್ತದೆ. ನನ್ನ ಹಾರೆ ಕಥೆಯ ಮೂಲವೂ ಅದೇ. ಮೀಟಲೇಬೇಕು ಅಂದರೆ ಮರದ ಬೆಣೆ ಉಪಯೋಗಿಸಿ. ಅಂಚಿನುದ್ದಕ್ಕೆ ನಾಲ್ಕು ಕಡೆ ಇಟ್ಟು, ಒಂದೊಂದಕ್ಕೆ ಒಂದೊಂದು ಏಟು, ಮತ್ತೆ ಮೊದಲಿನಿಂದ.

ಎಷ್ಟು ಹೊತ್ತಿಗೆ ಬಿಚ್ಚಬೇಕು? ನಿಂತ ಮೌಲ್ಡಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು 16ರಿಂದ 24 ಗಂಟೆ. ಡಿಸೈನ್ ಕಂಬಕ್ಕೆ ನಾನು 24ಕ್ಕಿಂತ ಕಡಿಮೆ ಕೊಡುವುದಿಲ್ಲ. ಡಿಸೆಂಬರ್ ಜನವರಿಯ ಚಳಿಯಲ್ಲಿ, ಅದರಲ್ಲೂ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ, 36 ಗಂಟೆ. ಬೇಗ ಬಿಚ್ಚಿದ ಕಂಬದ ಗುರುತು ಸುಲಭ: ಗೀರಿನ ಏಣುಗಳ ಮೇಲಿನ ಪದರ ಮೌಲ್ಡಿನಲ್ಲೇ ಉಳಿದಿರುತ್ತದೆ, ಕಂಬದ ಮೈ ಬಿಸ್ಕತ್ತು ಕಚ್ಚಿದಂತೆ ಇರುತ್ತದೆ.

ಬಣ್ಣ ಹೊಂದುತ್ತಿಲ್ಲ, ಬಿಳಿ ಪುಡಿ ಬರುತ್ತಿದೆ

ನಾಲ್ಕು ಕಂಬದಲ್ಲಿ ಒಂದು ಬೆಳ್ಳಗೆ, ಒಂದು ಕಪ್ಪಗೆ. ನೀರಿನ ಅಳತೆ ತಪ್ಪಿದೆ, ಇಲ್ಲಾ ಸಿಮೆಂಟು ಎರಡು ಲೋಡಿನದು. ನೀರು ಜಾಸ್ತಿಯಾದದ್ದು ಬೆಳ್ಳಗಿರುತ್ತದೆ. ಒಂದು ಮನೆಯ ಕಂಬಗಳಿಗೆ ಒಂದೇ ಲೋಡಿನ ಸಿಮೆಂಟು ತೆಗೆದಿಡಿ.

ಬಿಳಿ ಪುಡಿಗೆ ಒಂದು ಪರೀಕ್ಷೆ ಇದೆ. ಪುಡಿಯನ್ನು ಬ್ಲೇಡಿನಲ್ಲಿ ಕೆರೆದು ತಟ್ಟೆಗೆ ಹಾಕಿ. ಸ್ವಲ್ಪಕ್ಕೆ ನೀರು ಬಿಡಿ, ಸ್ವಲ್ಪಕ್ಕೆ ನಿಂಬೆರಸ ಹಿಂಡಿ. ನೀರಿನಲ್ಲಿ ಕರಗಿದರೆ ಅದು ಉಪ್ಪು. ಬೋರ್‌ವೆಲ್ ನೀರಿನಿಂದಲೋ ಮರಳಿನಿಂದಲೋ ಬಂದಿರುತ್ತದೆ. ನೀರಿನಲ್ಲಿ ಕರಗದೆ ನಿಂಬೆರಸಕ್ಕೆ ನೊರೆ ಬಂದರೆ ಅದು ಸಿಮೆಂಟಿನದ್ದೇ ಸುಣ್ಣ. ಒಳಗಿನ ತೇವದ ಜೊತೆ ಹೊರಗೆ ಬಂದು ಗಾಳಿಗೆ ಗಟ್ಟಿಯಾಗಿದೆ. ಸುಣ್ಣಕ್ಕೆ ಹೆದರಬೇಕಾಗಿಲ್ಲ, ಒಣ ಬ್ರಷ್ಷಿನಲ್ಲಿ ಉಜ್ಜಿದರೆ ಆಯಿತು. ಉಪ್ಪಾದರೆ ನೀರನ್ನು ಲ್ಯಾಬಿಗೆ ಕೊಡಿ. ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟು 400 ಮಿಲಿಗ್ರಾಂ ದಾಟಬಾರದು, ಪಿಎಚ್ 6ಕ್ಕಿಂತ ಇಳಿಯಬಾರದು. ನಮ್ಮ ಕಡೆ ಬೋರು ಆಳ ಹೋದಂತೆಲ್ಲಾ ನೀರು ಗಡುಸು. ಒಂದು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬದಲಾಯಿಸಿದ ವಾರವೇ ಕಂಬದ ಬಣ್ಣ ಬದಲಾದದ್ದನ್ನು ನಾನೇ ನೋಡಿದ್ದೇನೆ.

ಕ್ಯೂರಿಂಗ್ ನೀರು ಧಾರೆಯಾಗಿ ಹರಿದ ಕಡೆ ಬಿಳಿ ಗೆರೆ ಬೀಳುತ್ತದೆ. ಪೈಪು ಹಿಡಿದು ಚಿಮುಕಿಸುವ ಬದಲು ಹಸಿ ಗೋಣಿಚೀಲ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಪಿಪಿಸಿಯಾದರೆ ಹತ್ತು ದಿನ, ಬಿರುಬೇಸಿಗೆಯಲ್ಲಿ ಹದಿನಾಲ್ಕು. ಆಷಾಢದ ಗಾಳಿಗೆ ಗೋಣಿ ಎರಡು ಗಂಟೆಯಲ್ಲಿ ಒಣಗಿಬಿಡುತ್ತದೆ. ಮಳೆಗಾಲ ತಾನೇ ಅಂತ ಸುಮ್ನೆ ಇರಬೇಡಿ.

ವರ್ಷ ಕಳೆದ ಮೇಲೆ ಉದ್ದಕ್ಕೆ ಬಿರುಕು

ಗೀರಿನ ಆಳದಲ್ಲೇ ಉದ್ದಕ್ಕೆ ಬಿರುಕು ಬಿದ್ದು ಕೆಂಪು ನೀರು ಇಳಿದಿದ್ದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ, ಅಳೆಯುವಾಗ ಕಂಬದ ಹೊರಮೈಯಿಂದ ಅಳೆದಿದ್ದಾರೆ, ಗೀರಿನ ತಳದಿಂದ ಅಳೆದಿಲ್ಲ. ಕಂಬಕ್ಕೆ ಕವರ್ 40 ಎಂಎಂ ಇರಬೇಕು. ಎಂಟಿಂಚಿನ ಒಳಗಿನ ಸಣ್ಣ ಕಂಬಕ್ಕೆ, ಕಂಬಿ 12 ಎಂಎಂ ಮೀರದಿದ್ದರೆ, 25 ಎಂಎಂ ನಡೆಯುತ್ತದೆ. ಇದಕ್ಕೆ ಮೇಲಿನಿಂದ ತೇಪೆ ಹಾಕುವುದು ವ್ಯರ್ಥ. ಆ ಕಂಬದ ಮೇಲೆ ಸ್ಲ್ಯಾಬು ಕೂತಿದ್ದರೆ ಎಂಜಿನಿಯರ್‌ಗೆ ತೋರಿಸದೆ ಸುತ್ತಿಗೆ ಮುಟ್ಟಬೇಡಿ. ಹೊಸ ಮನೆಗಾದರೆ ನಾನು ಗಿರಾಕಿಗೆ ಹೇಳುವುದು ಒಂದೇ: "ಭಾರಕ್ಕೆ ಮಾಮೂಲಿ ಪಿಲ್ಲರ್ ಇರಲಿ ಸಾರ್, ಅಂದಕ್ಕೆ ಅದರ ಸುತ್ತ ಎರಡು ಹೋಳು ಕೂರಿಸಿಕೊಡ್ತೀವಿ."

ತೇಪೆ

ಕಾರಣ ಗೊತ್ತಾಗಿ, ಮೌಲ್ಡು ಸರಿಯಾದ ಮೇಲೆ ತೇಪೆ. ಸಡಿಲ ಇರುವುದನ್ನೆಲ್ಲಾ ಕೆತ್ತಿ ತೆಗೆದು, ಜಾಗವನ್ನು ನೀರಿನಲ್ಲಿ ನೆನೆಸಿ, ಮೇಲಿನ ಹೊಳಪು ಹೋದ ಮೇಲೆ ಗಾರೆ ತುಂಬಿ. ಅದೇ ಸಿಮೆಂಟಿನ ತೇಪೆ ಒಣಗಿದಾಗ ಸುತ್ತಲಿಗಿಂತ ಕಪ್ಪಾಗುತ್ತದೆ. ಅದಕ್ಕೆ ಎರಡು ಪಾಲು ಮಾಮೂಲಿ ಸಿಮೆಂಟಿಗೆ ಒಂದು ಪಾಲು ಬಿಳಿ ಸಿಮೆಂಟು ಸೇರಿಸುತ್ತೇವೆ. ಇದೇ ಅಳತೆ ನಿಮ್ಮ ಸಿಮೆಂಟಿಗೂ ಹೊಂದಬೇಕು ಅಂತಿಲ್ಲ. ಒಡೆದ ಕಂಬದ ಚೂರೊಂದನ್ನು ಎತ್ತಿಟ್ಟುಕೊಂಡು ಅದರ ಮೇಲೆ ಮೂರು ಅಳತೆ ಬಳಿದು ನೋಡಿ. ಎರಡು ದಿನ ಒಣಗಲಿ, ಹಸಿಯಲ್ಲಿ ಎಲ್ಲಾ ಬಣ್ಣವೂ ಒಂದೇ ತರಹ ಕಾಣುತ್ತದೆ. ಸಣ್ಣ ಗುಳ್ಳೆಗೆ ಅದೇ ಗಾರೆಯನ್ನು ಜರಡಿ ಹಿಡಿದ ಮರಳಿನಲ್ಲಿ ಕಲಸಿ, ಹಸಿ ಗೋಣಿ ತುಂಡಿನಲ್ಲಿ ಸುತ್ತಿ ಸುತ್ತಿ ಉಜ್ಜಬೇಕು. ಗೀರಿನ ಒಳಗೆ ಗೋಣಿ ಹೋಗುವುದಿಲ್ಲ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು.